ಓ ಅಂದವಳು

ಒಂದಾನೊಂದು ಊರಿನಲ್ಲಿ, ಎಲೆಬಳ್ಳಿಗಳ ನೆರಳಿನ ನಡುವೆ, ಒಂದು ಬಾವಿ ಇತ್ತಂತೆ. ಬೇರೆ ಬಾವಿಗಳಿಗೆಲ್ಲ ಬಾಯಿ ಇದ್ದರೆ ಈ ಬಾವಿಗೆ ಕಿವಿ ಇತ್ತಂತೆ. ಈಸಲು ಬಂದ ಹುಡುಗಿಯರು ತಮ್ಮ ತಮ್ಮ ಹೆಸರನ್ನು, ಕಳಚಿಟ್ಟ ಬಳೆಯ ಹಾಗೆ, ಮೇಲಿನ ಮೆಟ್ಟಿಲಲ್ಲಿ ಬಿಟ್ಟು ನೀರಿಗಿಳಿಯಬೇಕು. ಸಾಕಾದ ಮೇಲೆ ಒಬ್ಬ ಮುದುಕಿ ಒಂದೊಂದೇ ಹೆಸರು ಹಿಡಿದು ಕರೆಯುತ್ತಾಳೆ. ಯಾರ ಹೆಸರೋ ಅವರು ಓ ಅನ್ನಬೇಕು, ಹೆಸರನ್ನು ಮರಳಿ ತೊಟ್ಟುಕೊಂಡು ಮೆಟ್ಟಿಲು ಹತ್ತಬೇಕು. ಒಬ್ಬಳ ಹೆಸರಿಗೆ ಇನ್ನೊಬ್ಬಳು ಓ ಅಂದುಬಿಟ್ಟರೆ ಆ ಹೆಸರಿನವಳು ನೀರಿನಲ್ಲೇ ಉಳಿಯುತ್ತಾಳೆ. ಈಸುತ್ತಲೇ ಇರುತ್ತಾಳೆ. ಹೆಸರು ಒಯ್ದವಳು ಅದನ್ನು ತಿರುಗಿ ತಂದು ಅವಳ ಮನೆಯ ಹೊಸ್ತಿಲಲ್ಲಿ ಇಡುವ ತನಕ ಅವಳಿಗೆ ದಡವಿಲ್ಲ.

ಈ ಕಥೆಯನ್ನು ಸರೋಜವ್ವನಿಗೆ ಯಾವ ಅಜ್ಜಿಯೂ ಹೇಳಿದ್ದಲ್ಲ. ಹನ್ನೆರಡನೇ ವಯಸ್ಸಿನಿಂದ ಅವಳೇ ತನಗೆ ತಾನು ಹೇಳಿಕೊಳ್ಳುತ್ತ ಬಂದದ್ದು. ಈಗ ಅವಳಿಗೆ ಐವತ್ತಾರು.

“ಹತ್ತು ಸುತ್ತಾತ್ರಿ ಅಕ್ಕಾರ. ಇನ್ನ ಎರಡು ಅದಾವು, ನಡುವ ನಿಲ್ಲಬ್ಯಾಡ್ರಿ,” ಎಂದು ಈಜು ಕಲಿಸುವ ಪೂಜಾ ದಂಡೆಯ ಮೇಲಿಂದ ಕೂಗಿದಳು.

ಸರೋಜವ್ವ ನಿಂತೇಬಿಟ್ಟಿದ್ದಳು. ಹಾನಗಲ್ಲಿನ ಈಜುಕೊಳದಲ್ಲಿ ಬೆಳಿಗ್ಗೆ ಏಳರಿಂದ ಎಂಟರ ತನಕ ಹೆಂಗಸರ ಹೊತ್ತು. ಗೋಡೆ ಮುಟ್ಟಿದಾಗೆಲ್ಲ ಅವಳು ತಿರುಗಿ ಟೋಪಿಗಳನ್ನು ಎಣಿಸುತ್ತಿದ್ದಳು. ಹಳದಿ ಟೋಪಿ ಗುರುಸಿದ್ದವ್ವನದು. ಕೆಂಪು ಶಬೀನಾಳದು. ತಾನು. ದಂಡೆಯ ಮೇಲೆ ಪೂಜಾ. ನಾಲ್ಕು. ಲೆಕ್ಕ ಸರಿ ಇತ್ತು. ಆದರೂ ಆಚೆ ತುದಿಯ ಸಾಲಿನಲ್ಲಿ, ಯಾರೂ ಈಸದಿದ್ದ ಕಡೆ, ತೇಲುವ ಹಗ್ಗ ಮೆಲ್ಲಗೆ ಹೊಯ್ದಾಡುತ್ತಿತ್ತು, ಯಾರೋ ಈಗಷ್ಟೇ ಅದನ್ನು ಸವರಿಕೊಂಡು ಹೋದಂತೆ. ಅದು ಸುಮ್ಮನಾಗುವ ತನಕ ಕಾದು ಅವಳು ಮತ್ತೆ ಮುಖ ಮುಳುಗಿಸಿದಳು. ನೀರಿನೊಳಗೆ ಅವಳದೇ ಉಸಿರಿನ ಗುಳ್ಳೆಗಳ ಸದ್ದು. ಉಸಿರಿಗೆಂದು ತಲೆ ಹೊರಳಿಸಿದಾಗ, ಕಿವಿಯ ಹತ್ತಿರವೇ, ಇನ್ನೊಂದು ಉಸಿರು. ಚಿಕ್ಕ ಹುಡುಗಿಯೊಬ್ಬಳು ಅವಸರದಲ್ಲಿ ಗಾಳಿ ಗುಟುಕರಿಸಿದ ಹಾಗೆ.

ಎರಡು ವರ್ಷದ ಹಿಂದೆ ಮಂಡಿನೋವಿಗೆಂದು ಡಾಕ್ಟರು ಈಜು ಹೇಳಿದಾಗ ಸರೋಜವ್ವ ನಕ್ಕು ಮನೆಗೆ ಬಂದಿದ್ದಳು. ಅಂಗನವಾಡಿಯಲ್ಲಿ ದಿನವೆಲ್ಲ ಮಕ್ಕಳ ಹಿಂದೆ ಕೂತು ಎದ್ದು ಮಾಡುವ ಮಂಡಿ. ಕಡೆಗೆ ನೋವು ನಗುವುದನ್ನು ಬಿಡಿಸಿತು. ಮೊದಲ ದಿನ ಕೊಳದ ಮೆಟ್ಟಿಲು ಇಳಿದಾಗ ನಾಲ್ಕು ದಶಕದಿಂದ ನೀರು ಮುಟ್ಟದ ಅವಳ ಕೈಕಾಲುಗಳು ಯಾರ ಅಪ್ಪಣೆಯನ್ನೂ ಕೇಳದೆ ಈಸಿಕೊಂಡು ಹೋದವು. ಪೂಜಾ ಬಾಯಿ ಬಿಟ್ಟುಕೊಂಡು ನೋಡಿದ್ದಳು. ಪೂಜಾ ಹೈಸ್ಕೂಲಿನ ದೈಹಿಕ ಶಿಕ್ಷಕಿ, ಮೂವತ್ತೊಂದರ ಹುಡುಗಿ. ವಯಸ್ಸಾದವರಿಗೂ ಈಜಿನ ಸ್ಪರ್ಧೆಗಳಿವೆ, ಅದಕ್ಕೆ ಮಾಸ್ಟರ್ಸ್ ಅನ್ನುತ್ತಾರೆ, ಇಪ್ಪತ್ತೈದು ದಾಟಿದ ಯಾರಾದರೂ ಐದೈದು ವರ್ಷದ ಗುಂಪುಗಳಲ್ಲಿ ಇಳಿಯಬಹುದು ಎಂದು ಆ ಊರಿನ ಹೆಂಗಸರಿಗೆ ಹೇಳಿದವಳು ಅವಳೇ.

ಗುರುಸಿದ್ದವ್ವ ಹಿರೇಕೆರೂರ ತಾಲೂಕಿನ ಅಬಲೂರಿನವಳು. ನಿವೃತ್ತ ಮಾಸ್ತರಬಾಯಿ. ವಾರಕ್ಕೆ ಮೂರು ದಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಹೋದ ವರ್ಷ ಅರವತ್ತೈದು ತುಂಬಿದ ದಿನ ಕೊಳದ ಕಟ್ಟೆಯ ಮೇಲೆ ಎಲ್ಲರಿಗೂ ಶೇಂಗಾ ಹೋಳಿಗೆ ಹಂಚಿದ್ದಳು.

“ಅರವತ್ನಾಕರಾಗ ನಾನು ಗುಂಪಿನಾಗ ಎಲ್ಲಾರಗಿಂತ ಮುದುಕಿ ಇದ್ನಿ. ಈಗ ಮುಂದಿನ ಗುಂಪಿಗೆ ಬಂದ್ನಿ ನೋಡ್ರಿ, ಇಲ್ಲೆ ನಾನ ಸಣ್ಣಾಕಿ. ವಯಸ್ಸಾತು ಅಂತ ಖುಷಿ ಪಡೋ ಆಟ ಜಗತ್ತಿನ್ಯಾಗ ಇದೊಂದ,” ಎಂದಿದ್ದಳು.

ನಾಲ್ಕನೆಯವಳು ಶಬೀನಾ. ಶಿಗ್ಗಾಂವಿಯಲ್ಲಿ ಹೊಲಿಗೆ ಅಂಗಡಿ, ತವರು ಸವಣೂರು. ಮೊಣಕಾಲು ಮುಚ್ಚುವ, ತೋಳು ತುಂಬ ಇರುವ ನೀಲಿ ಈಜುಡುಗೆಗಳನ್ನು ಎಲ್ಲರಿಗೂ ಅವಳೇ ಹೊಲಿದಿದ್ದಳು. ಅಳತೆ ತೆಗೆಯುವಾಗ ಗುರುಸಿದ್ದವ್ವನ ಸೊಂಟಕ್ಕೆ ಟೇಪು ಸಾಲದೆ, “ಅಮ್ಮಾರ, ನಿಮಗ ಬಟ್ಟಿ ಅಲ್ಲ, ಪೆಂಡಾಲ ಹಾಕಸಬೇಕ್ರಿ,” ಅಂದು ಒಂದು ವಾರ ಬೈಸಿಕೊಂಡಿದ್ದಳು.

ಮೊದಲ ದಿನವೇ ಶಬೀನಾ ಕೇಳಿದ್ದಳು, “ಅಕ್ಕಾರ, ನಿಮ್ಮ ತವರಮನಿ ಯಾವೂರ್ರಿ?”

“ಸವಣೂರ.”

“ಸವಣೂರಾಗ ಯಾರ ಪೈಕಿ?”

ಸರೋಜವ್ವ ಹೇಳಿದಳು. ಅಪ್ಪ ಎಲೆತೋಟವನ್ನು ಪಾಲಿಗೆ ಮಾಡುತ್ತಿದ್ದುದು, ತೋಟದ ಮಾಲೀಕರ ಮನೆ. ಹೇಳುತ್ತಾ ಹೇಳುತ್ತಾ ಎದುರಿನ ಮುಖದಲ್ಲಿ ಆ ಹುಬ್ಬು, ಆ ಗಲ್ಲ ಕಾಣಿಸತೊಡಗಿ ಅವಳ ಮಾತು ತಡವರಿಸಿತು. ಶಬೀನಾ ಒದ್ದೆ ಕೈಯಿಂದಲೇ ಅವಳನ್ನು ತಬ್ಬಿಕೊಂಡಳು.

“ಅದು ನಮ್ಮ ತೋಟ. ನೀವು ನಮ್ಮ ಆಪಾನ, ಹಿರೇ ಅಕ್ಕನ ಗೆಳತಿ ಸರೋಜಕ್ಕ.”

ಅಂದಿನಿಂದ ಸರೋಜವ್ವನ ಬೆಳಗುಗಳಲ್ಲಿ ನಗುವೂ ಇತ್ತು, ಹಗ್ಗದ ಹೊಯ್ದಾಟವೂ ಇತ್ತು. ಎರಡನ್ನೂ ಒಂದೇ ನೀರಿನಲ್ಲಿ ಈಸಿಕೊಂಡು ಬರುತ್ತಿದ್ದಳು. ಬಿಡಬೇಕೆಂದು ಎಷ್ಟೋ ಸಲ ಅಂದುಕೊಂಡಳು, ಬಿಡಲಾಗಲಿಲ್ಲ. ಇಷ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ಈಸಿ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು, ಥರ್ಮಾಸಿನ ಚಹಾ ಸುರಿದುಕೊಂಡು, ಚುರುಮರಿ ಕಲೆಸಿಕೊಂಡು ತಿನ್ನುವುದು ಅವರ ಪದ್ಧತಿ. ಹುಬ್ಬಳ್ಳಿಯ ಸ್ಪರ್ಧೆಗೆ ಹತ್ತು ದಿನ ಉಳಿದಿರುವಾಗ ಒಂದು ಬೆಳಿಗ್ಗೆ ಗುರುಸಿದ್ದವ್ವ, “ಅಲ್ಲ ಶಬೀನಾ, ಐವತ್ತರ ಹೊತ್ತಿಗೆ ನೀರಿಗಿಳಿದೀ. ಬಾವಿ ತೋಟದಾಗ ಹುಟ್ಟಿದಾಕಿ, ಸಣ್ಣಾಕಿ ಇದ್ದಾಗ ಯಾಕ ಈಸ ಕಲೀಲಿಲ್ಲ?” ಎಂದು ಕೇಳಿದಳು.

ಶಬೀನಾ ಚುರುಮರಿಯ ಕಾಗದವನ್ನು ಮಡಚಿದಳು. “ನಮ್ಮ ಆಪಾ ಬಾವ್ಯಾಗ ಹೋದಳ್ರಿ. ರಮಜಾನಬಿ ಅಂತ. ನನಗ ಏಳು ವರ್ಷ, ಆಕಿಗೆ ಹದಿಮೂರು. ಆಮ್ಯಾಲ ನಮ್ಮನಿಯಾಗ ಯಾರೂ ನೀರಿನ ಹೆಸರ ಎತ್ತಲಿಲ್ಲ.”

“ಅಯ್ಯ ಶಿವನ. ಯಾರೂ ಇರಲಿಲ್ಲೇನವ್ವಾ ಅಲ್ಲೆ?”

“ದಾದಿ ಇದ್ಲು, ನಮ್ಮ ಅಪ್ಪನ ಅವ್ವ. ಸಂತಿ ದಿನ ಗಂಡಸರು ಊರಿಗೆ ಹೋದಾಗ ಹುಡುಗ್ಯಾರನ್ನ ಈಸಾಕ ಬಿಡತಿದ್ಲು. ತಾನು ಮ್ಯಾಲಿನ ಮೆಟ್ಟಲಮ್ಯಾಲ ದಾರಿ ಕಡೆ ಮಾರಿ ಮಾಡಿ ಕುಂಡ್ರತಿದ್ಲು, ಗಂಡಸರು ಯಾರೂ ಬರಬಾರದಂತ. ಬಾವಿಗೆ ಬೆನ್ನು. ಅದಕ್ಕ ಹೊತ್ತಾದ ಕೂಡಲೆ ಹೆಸರ ಹಿಡಿದು ಕರೀತಿದ್ಲು. ಓ ಅಂದಾಕಿ ಮ್ಯಾಲ ಬರಬೇಕು. ಅವತ್ತ ಆಪಾನ್ನೂ ಕರದಳಂತ, ಆಪಾ ಓ ಅಂದಳಂತ. ದಾದಿ ಎದ್ದು ಎಲ್ಲಾರನ್ನೂ ಕರಕೊಂಡು ನಡದಳು. ಅರ್ಧ ದಾರ್ಯಾಗ ನೋಡಿದ್ರ ಆಪಾ ಇಲ್ಲ.”

ಸರೋಜವ್ವ ಲೋಟಗಳಿಗೆ ಚಹಾ ಸುರಿಯುತ್ತಿದ್ದಳು. ಸುರಿಯುತ್ತಲೇ ಇದ್ದಳು.

“ಅಮ್ಮಿ ನಂಬಲಿಲ್ರಿ,” ಎಂದಳು ಶಬೀನಾ. “ನೀ ತೂಕಡಿಸಿದಿ, ಈಗ ಸುಳ್ಳ ಹೇಳ್ತಿ ಅಂದ್ಲು. ದಾದಿ ಕುರಾನ ಮುಟ್ಟಿ ಹೇಳಿದ್ಲು, ನನ್ನ ಕಿವಿಲೆ ಕೇಳೇನಿ, ಆಕೀದ ಧ್ವನಿ, ಆಕಿ ಓ ಅಂದಳು ಅಂತ. ಅದಾದಮ್ಯಾಲ ಹನ್ನೊಂದು ವರ್ಷ ಬದುಕಿದ್ಲು. ಹನ್ನೊಂದು ವರ್ಷ ನಮ್ಮ ಅಮ್ಮಿ ದಾದಿ ಕೈಯಾಗಿನ ನೀರ ಕುಡೀಲಿಲ್ಲ. ದಾದಿನೂ ಯಾರನ್ನೂ ಹೆಸರಲೆ ಕರೀಲಿಲ್ಲ. ಕೆಮ್ಮತಿದ್ಲು. ಕೆಮ್ಮಿದ್ರ ನಾವು ಹೋಗಬೇಕು.”

“ಬಾವ್ಯಾಗಿಂದ ಓ ಅಂದಿದ್ದು ಬ್ಯಾರೆ ಯಾರೋ ಇರಬೇಕ ಬಿಡು,” ಎಂದಳು ಗುರುಸಿದ್ದವ್ವ, ಧ್ವನಿ ತಗ್ಗಿಸಿ. “ಹಳೆ ಬಾವ್ಯಾಗ ಇರತಾವ.”

“ಸರೋಜಕ್ಕಾರ, ಚಹಾ,” ಎಂದು ಪೂಜಾ ಅವಳ ಕೈ ಹಿಡಿದಳು. ಲೋಟ ತುಂಬಿ, ಕಟ್ಟೆ ತೋಯ್ದು, ಚಹಾ ಕೊಳದ ಅಂಚಿಗೆ ಹರಿಯುತ್ತಿತ್ತು.

ಬೇರೆ ಯಾರೋ ಅಲ್ಲ. ಅವತ್ತು ಕೊನೆಗೆ ನೀರಿನಲ್ಲಿ ಉಳಿದವರು ಇಬ್ಬರೇ. ರಮಜಾನಬಿಗೆ ಬಾವಿಯ ಬುಡದ ಮಣ್ಣು ಮುಟ್ಟಿ ಬರುವ ಹುಚ್ಚು. ಎರಡು ಸಲ ಮುಳುಗಿ ಬರಿಗೈಯಲ್ಲಿ ಎದ್ದಿದ್ದಳು. “ದಾದಿ ಕರದರ ನನ್ನ ಹೆಸರಿಗೂ ನೀನ ಓ ಅನ್ನು. ಇನ್ನೊಂದು ಸಲ ಮುಳುಗಿ, ನಿನ್ನ ಹಿಂದ ಬರ್ತೇನಿ,” ಅಂದಳು. ಸರೋಜಾ ಆಗ ಯಾರ ಧ್ವನಿಯನ್ನಾದರೂ ಎತ್ತುತ್ತಿದ್ದಳು. ಶಾಲೆಯ ಮಾಸ್ತರರದು, ಮೌಲ್ವಿ ಸಾಹೇಬರದು, ಎಮ್ಮೆ ಕಾಯುವವನದು. ರಮಜಾನಬಿಯ ಧ್ವನಿಯಂತೂ ಅವಳಿಗೆ ತನ್ನದಕ್ಕಿಂತ ಸುಲಭ. ಮೂಗಿನಿಂದ ಸ್ವಲ್ಪ ಎಳೆದು, ಕೊನೆಯಲ್ಲಿ ಮೇಲಕ್ಕೆತ್ತಿ, ಓ ಅಂದಳು. ಆಮೇಲೆ ತನ್ನ ಹೆಸರಿಗೂ ಓ ಅಂದಳು. ಮೆಟ್ಟಿಲು ಹತ್ತಿ ಲಂಗ ಹಿಂಡಿಕೊಂಡಳು. ಹಿಂದೆ ಬರ್ತೇನಿ ಅಂದವಳು ಹಿಂದೆ ಇದ್ದಾಳೆ ಎಂದೇ ಅರ್ಧ ದಾರಿ ನಡೆದಳು. ನೋಡಿರಲಿಲ್ಲ.

ಮೂರನೇ ದಿನ ಹುಸೇನಬಿ ದಾದಿ ಅವಳನ್ನು ಕರೆಸಿದ್ದಳು. ಅಂಗಳದ ಮೂಲೆಯಲ್ಲಿ ಒಬ್ಬಳೇ ಕೂತಿದ್ದ ಮುದುಕಿ ಅವಳ ಮಣಿಕಟ್ಟು ಹಿಡಿದು, “ಕಡೀಕ ನೀ ಇದ್ದಿ ಮಗಳ. ಆಕಿ ಓ ಅಂದದ್ದು ನೀನೂ ಕೇಳಿದಿಲ್ಲೊ? ಒಳಗ ಹೋಗಿ ಹೇಳು. ಮನಿಯವರಿಗೆ ಹೇಳು,” ಅಂದಿದ್ದಳು.

“ಹೇಳ್ತೇನಿ ದಾದಿ.”

ಮಾತು ಕೊಟ್ಟಿದ್ದಳು. ಹೊಸ್ತಿಲ ತನಕ ಹೋದಳು. ಒಳಗೆ ಹೆಂಗಸರು ಅಳುತ್ತಿದ್ದರು. ಹೊಸ್ತಿಲಿಂದ ತಿರುಗಿ, ತೋಟದ ಬೇಲಿ ನುಸುಳಿ, ಮನೆಗೆ ಓಡಿದಳು. ಎರಡು ತಿಂಗಳಲ್ಲಿ ಅಪ್ಪ ತೋಟ ಬಿಟ್ಟು ಹಾನಗಲ್ಲಿಗೆ ಬಂದ. ಅಲ್ಲಿಂದ ಮುಂದೆ ಸರೋಜಾ ಯಾರ ಧ್ವನಿಯನ್ನೂ ಎತ್ತಲಿಲ್ಲ. ಅಂಗನವಾಡಿಯಲ್ಲೂ ಅವಳು ಹಾಜರಿ ಕೂಗುವವಳಲ್ಲ. ಒಂದೊಂದೇ ಮಗುವಿನ ತಲೆ ಮುಟ್ಟಿ ಎಣಿಸುತ್ತಾಳೆ. ಇದೇನು ಬಾಯೋರೆ, ಕುಂಬಳಕಾಯಿ ಎಣಿಸಿದಂಗ ಎಣಸ್ತೀರಲ್ಲ ಎಂದು ಸೂಪರ್‌ವೈಸರು ನಕ್ಕಿದ್ದುಂಟು.

ಹುಬ್ಬಳ್ಳಿಯ ದಿನ ಬಂದಿತು. ಪೂಜಾ ತನ್ನ ಗಂಡನ ಓಮ್ನಿ ತಂದಿದ್ದಳು. ಗುರುಸಿದ್ದವ್ವ ಹಿಂದಿನ ಸೀಟಿನಲ್ಲಿ ರೊಟ್ಟಿಬುಟ್ಟಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಳು. ಕೊಳದ ಸುತ್ತ ಬಣ್ಣಬಣ್ಣದ ಟೋಪಿಗಳು, ಬಿಳಿ ಕೂದಲುಗಳು, ಬೊಜ್ಜುಗಳು, ಹೊಲಿಗೆಯ ಗುರುತಿನ ಹೊಟ್ಟೆಗಳು. ಎಪ್ಪತ್ತೆಂಟರ ಮುದುಕನೊಬ್ಬ ದುಮುಕುವ ಕಟ್ಟೆಯ ಮೇಲೆ ನಿಂತು ಮೊಮ್ಮಕ್ಕಳಿಗೆ ಕೈಬೀಸುತ್ತಿದ್ದ. ದಾವಣಗೆರೆಯ ಹೆಂಗಸರು ಹೋದ ವರ್ಷದ ಗುರುತು ಹಿಡಿದು ಓಡಿ ಬಂದರು. ಮಂಡಿ ಹೇಗಿದೆ, ಸೊಸೆ ಹೆತ್ತಳೋ, ಈ ಸಲ ನಿಮ್ಮನ್ನು ಬಿಡೋದಿಲ್ಲ ನೋಡ್ರಿ.

ಐವತ್ತು ಮೀಟರಿನಲ್ಲಿ ಗುರುಸಿದ್ದವ್ವನಿಗೆ ಚಿನ್ನ ಬಂತು. ಅವಳ ಗುಂಪಿನಲ್ಲಿ ಅವಳೊಬ್ಬಳೇ ಇದ್ದಳು. ಆದರೂ ದಡದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವಳು ಪದಕಕ್ಕೆ ಕೊರಳು ಬಾಗಿಸಿ, ಫೋಟೋ ತೆಗೆಸಿಕೊಂಡು, ಹತ್ತಿರ ಬಂದು, “ಒಬ್ಬಾಕಿನ ಇದ್ನಿ ಅಂತ ಅಬಲೂರಾಗ ಯಾರರ ಬಾಯಿಬಿಟ್ರ ನಾಲಿಗಿ ಕೀಳ್ತೇನಿ,” ಎಂದಳು. ಸರೋಜವ್ವನಿಗೆ ಕಂಚು. ಕೊನೆಯ ಹತ್ತು ಮೀಟರಿನಲ್ಲಿ ಅವಳು ಏನನ್ನೂ ಎಣಿಸಲಿಲ್ಲ, ಏನನ್ನೂ ಕೇಳಲಿಲ್ಲ. ಮೈಯೆಲ್ಲ ಬರೀ ನೀರಾಗಿತ್ತು. ಗೋಡೆ ಮುಟ್ಟಿ ತಲೆ ಎತ್ತಿದಾಗ ಮೂವರೂ ದಂಡೆಯ ಮೇಲೆ ಕುಣಿಯುತ್ತಿದ್ದರು. ಅವಳಿಗೆ ಅಳು ಬಂತು. ನೀರಿನಲ್ಲಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆದರೆ ಅವರು ಮುಖ್ಯವಾಗಿ ಬಂದದ್ದು ರಿಲೇಗೆ. ನಾಲ್ವರು ಸರತಿಯ ಮೇಲೆ ಐವತ್ತೈವತ್ತು ಮೀಟರು. ಇದರಲ್ಲಿ ಗುಂಪು ಕಟ್ಟುವುದು ನಾಲ್ವರ ವಯಸ್ಸನ್ನು ಕೂಡಿಸಿ. ಐವತ್ತಾರು, ಐವತ್ತೊಂದು, ಅರವತ್ತಾರು, ಮೂವತ್ತೊಂದು. ಇನ್ನೂರಾ ನಾಲ್ಕು. ಇನ್ನೂರರ ಗುಂಪಿನಲ್ಲಿ ಪೂಜಾಳಷ್ಟು ಚಿಕ್ಕವಳು ಬೇರೆ ಯಾವ ತಂಡದಲ್ಲೂ ಇರಲಿಲ್ಲ. “ನನ್ನ ಮುಪ್ಪು ನಿಮಗ ಬಂಡವಾಳ,” ಎಂದು ಗುರುಸಿದ್ದವ್ವ ಹೇಳಿಕೊಂಡು ತಿರುಗಿದ್ದಳು. ಗೆದ್ದರೆ ರಾಜ್ಯಮಟ್ಟಕ್ಕೆ. ಪೂಜಾ ಎರಡು ವರ್ಷ ಸಂಬಳವಿಲ್ಲದೆ ಬೆಳಗಿನ ನಿದ್ದೆ ಬಿಟ್ಟದ್ದು ಇದಕ್ಕೇ.

ಮಧ್ಯಾಹ್ನ ಎರಡಕ್ಕೆ ಶಾಮಿಯಾನದ ಕೆಳಗೆ ಹೆಸರು ಕೂಗತೊಡಗಿದರು. ಹೆಸರು ಕೂಗುವ ಅಧಿಕಾರಿ ಹಾಳೆಯಿಂದ ತಲೆ ಎತ್ತುತ್ತಿರಲಿಲ್ಲ. ಓ ಅಂದರೆ ಗೀಟು ಹಾಕಿ, ಮುಂದಿನ ಬೆಂಚಿಗೆ ಕಳಿಸುತ್ತಿದ್ದ. ಮೂರು ಸಲ ಕೂಗಿ ಓ ಅನ್ನದಿದ್ದರೆ ಆ ತಂಡದ ಮೇಲೆ ಅಡ್ಡಗೆರೆ.

“ಪೂಜಾ.” “ಓ ರಿ.” “ಗುರುಸಿದ್ದವ್ವ.” “ಓ.”

ಇಬ್ಬರೂ ಮುಂದಿನ ಬೆಂಚಿಗೆ ಹೋದರು. ಹಿಂದೆ ಸರೋಜವ್ವ ಒಬ್ಬಳೇ ನಿಂತಿದ್ದಳು.

“ಶಬೀನಾ.”

ಶಬೀನಾ ಇರಲಿಲ್ಲ. ಮೈ ಸಡಿಲ ಮಾಡಿಕೊಂಡು ಬರ್ತೇನಿ ಎಂದು ಹಿಂದಿನ ಸಣ್ಣ ಕೊಳಕ್ಕೆ ಹೋದವಳು ಬಂದಿರಲಿಲ್ಲ. ಗುರುಸಿದ್ದವ್ವ ಬೆಂಚಿನಿಂದಲೇ ಹೊರಳಿ ನೋಡಿ, ಗದ್ದ ಎತ್ತಿ ಸನ್ನೆ ಮಾಡಿದಳು. ಅನ್ನು.

“ಶಬೀನಾ. ಎರಡನೇ ಸಲ.”

“ಸರೋಜಾ, ಓ ಅನ್ನವಾ. ಆತ ಮಾರಿ ನೋಡಂಗಿಲ್ಲ,” ಎಂದು ಗುರುಸಿದ್ದವ್ವ ಹಲ್ಲು ಕಚ್ಚಿ ಪಿಸುಗುಟ್ಟಿದಳು. “ಆಕಿ ನಿನ್ನ ಹಿಂದ ಬರತಾಳ.”

ಬೇರೆ ತಂಡದವರೂ ಹಾಗೆಯೇ ಒಬ್ಬರಿಗೊಬ್ಬರು ಓ ಅಂದುಕೊಂಡಿದ್ದನ್ನು ಸರೋಜವ್ವ ಈಗಷ್ಟೇ ನೋಡಿದ್ದಳು. ಶಬೀನಾಳ ಧ್ವನಿಯೂ ಅವಳ ಗಂಟಲಲ್ಲಿ ತಾನಾಗಿ ಬಂದು ಕೂತಿತ್ತು. ಅಕ್ಕನದೇ ಧ್ವನಿ ಅದು, ಮೂಗಿನಿಂದ ಸ್ವಲ್ಪ ಎಳೆದದ್ದು. ಬಾಯಿ ತೆರೆದರೆ ಸಾಕಿತ್ತು. ಶಾಮಿಯಾನದ ಬಟ್ಟೆ ಗಾಳಿಗೆ ಉಬ್ಬಿ ಇಳಿಯಿತು. ಎಲ್ಲೋ ಮೆಟ್ಟಿಲ ಮೇಲೆ ಒಬ್ಬಳು ಬೆನ್ನು ತಿರುಗಿಸಿ ಕೂತು ಕಿವಿಗೊಟ್ಟಿದ್ದಳು.

“ಶಬೀನಾ. ಕಡೀ ಸಲ.”

“ಆಕಿ ಇಲ್ರಿ,” ಎಂದಳು ಸರೋಜವ್ವ. ಇಡೀ ಶಾಮಿಯಾನಕ್ಕೆ ಕೇಳುವಷ್ಟು ಜೋರಾಗಿ. “ಆಕಿ ಇಲ್ಲೆ ಇಲ್ಲ. ಆಕಿ ಇನ್ನೂ ನೀರಾಗ ಅದಾಳ.”

ಅಂದವಳೇ ಓಡಿದಳು. ಮಂಡಿ ನೋವಿನ ನೆನಪಾಗಲಿಲ್ಲ. ಒದ್ದೆ ಹಾಸುಗಲ್ಲಿನ ಮೇಲೆ ಎರಡು ಸಲ ಜಾರಿದಳು. ಹಿಂದಿನ ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ. ನಡುವೆ ಒಂದು ಕೆಂಪು ಟೋಪಿ, ಅದರ ಕೆಳಗೆ ನೀಲಿ ಬಟ್ಟೆ ಅಲುಗದೆ ಹರಡಿಕೊಂಡಿತ್ತು. ಸರೋಜವ್ವ ಮೇಲೆ ಹೊದ್ದಿದ್ದ ಶಾಲಿನ ಸಮೇತ ಹಾರಿದಳು. ತೋಳಿನ ಕೆಳಗೆ ಕೈ ಹಾಕಿ, ಎಳೆದು, ದಂಡೆಗೆ ತಂದು ನೂಕಿದಳು.

ಶಬೀನಾ ಕೆಮ್ಮಿದಳು. ಮೂಗಿನಿಂದ ನೀರು ಬಂತು. ಆಮೇಲೆ ಕಣ್ಣರಳಿಸಿ, “ಏನಾತಕ್ಕಾ? ಅಂಗಾತ ತೇಲಾಕತ್ತಿದ್ನಿ. ಕಿವಿ ನೀರಾಗಿದ್ವು,” ಅಂದಳು.

ಅವರು ಶಾಮಿಯಾನಕ್ಕೆ ಬರುವಷ್ಟರಲ್ಲಿ ಗೆರೆ ಬಿದ್ದಿತ್ತು. ಪೂಜಾ ಅಧಿಕಾರಿಯ ಮುಂದೆ ಕೈ ಮುಗಿದು ನಿಂತಿದ್ದಳು. ಆತ ನಿಯಮದ ಹಾಳೆ ತೋರಿಸಿದ. ದಾವಣಗೆರೆಯ ತಂಡ ಕಟ್ಟೆ ಹತ್ತಿತು, ಸೀಟಿ ಊದಿದರು.

ಉಡುಗೆ ಬದಲಿಸುವ ಕೋಣೆಯಲ್ಲಿ ಪೂಜಾ ಗೋಡೆಗೆ ಮುಖ ಮಾಡಿ ಕೂತು ಟೋಪಿಯ ನೀರು ಹಿಂಡುತ್ತಿದ್ದಳು.

“ಸುಮ್ಮನಿದ್ರೂ ಇನ್ನೊಂದು ನಿಮಿಷ ಕಾಯತಿದ್ರು ಅಕ್ಕಾರ. ನೀವು ಇಲ್ಲ ಅಂದಬಿಟ್ರಿ.”

“ಒಂದು ಓ,” ಎಂದಳು ಗುರುಸಿದ್ದವ್ವ. “ಒಂದು ಓ ಅಂದಿದ್ರ ನಿಂದೇನು ಗಂಟು ಹೋಗತಿತ್ತು, ಯವ್ವಾ?”

“ಬಿಡ್ರಿ ಅಮ್ಮಾರ,” ಎಂದು ಶಬೀನಾ ನಗಲು ನೋಡಿದಳು. “ನನ್ನ ಮೀನ ಎತ್ತಿ ಒಗದಂಗ ಒಗದಾಳ, ತೋಳು ಉಬ್ಬೇತಿ ನೋಡ್ರಿ. ಅದಕ್ಕರ ಪದಕ ಕೊಡ್ರಿ.” ಸರೋಜವ್ವನ ಪಕ್ಕ ಬಂದು ಕೂತು ಕೇಳಿದಳು, “ಯಾಕ ಅಷ್ಟ ಗಾಬರಿ ಆದಿ ಅಕ್ಕಾ? ನನಗ ಈಸ ಬರತೈತಲ್ಲ ಈಗ.”

ಸರೋಜವ್ವ ಬೆಂಚಿನ ಕೆಳಗಿನ ನೀರನ್ನು ನೋಡುತ್ತಾ ಹೇಳಿದಳು.

“ಅವತ್ತ ಓ ಅಂದಾಕಿ ನಾನು.”

ಉಳಿದದ್ದನ್ನು ಹೇಳಲು ಬಹಳ ಹೊತ್ತು ಹಿಡಿಯಲಿಲ್ಲ. ಇಷ್ಟು ವರ್ಷ ಎದೆಯಲ್ಲಿ ಅಷ್ಟು ದೊಡ್ಡದಾಗಿದ್ದದ್ದು ಬಾಯಿಗೆ ಬಂದಾಗ ಐದಾರು ವಾಕ್ಯವಾಯಿತು. ಮಣ್ಣು ಮುಟ್ಟುವ ಹುಚ್ಚು. ಹಿಂದೆ ಬರ್ತೇನಿ ಅಂದದ್ದು. ಎತ್ತಿದ ಧ್ವನಿ. ದಾದಿಗೆ ಮಾತು ಕೊಟ್ಟು ಹೊಸ್ತಿಲಿಂದ ಓಡಿದ್ದು. ಕೋಣೆಯ ಹೊರಗೆ ಯಾರದೋ ಗೆಲುವಿಗೆ ಚಪ್ಪಾಳೆ ಕೇಳುತ್ತಿತ್ತು. ಶಬೀನಾ ತಲೆ ಬಾಚಿಕೊಳ್ಳುತ್ತಿದ್ದವಳು ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಕೂತಿದ್ದಳು. ಅವಳು ಅಳಲಿಲ್ಲ, ಬೈಯಲಿಲ್ಲ. ಸರೋಜವ್ವನ ಪಕ್ಕದಿಂದ ಎದ್ದು ಎದುರಿನ ಬೆಂಚಿಗೆ ಹೋಗಿ ಕೂತಳು. ಎರಡೇ ಹೆಜ್ಜೆ. ಸರೋಜವ್ವನಿಗೆ ಅದು ಊರು ಬಿಟ್ಟು ಊರಿಗೆ ಹೋದಂತೆ ಕಂಡಿತು.

“ದಾದಿ ಹೋದಾಗ ಅಮ್ಮಿ ಒಳಗಿಂದ ಹೊರಗ ಬರಲಿಲ್ಲ,” ಎಂದಳು ಶಬೀನಾ ಕಡೆಗೆ, ಯಾರಿಗೂ ಅಲ್ಲದಂತೆ. “ನನ್ನ ಕಡೆ ಹೇಳಿದಿ. ನನ್ನ ಕಡೆ ಹೇಳು ಅಂತ ಹೇಳಿರಲಿಲ್ಲ ದಾದಿ.”

“ಇಲ್ಲ.”

“ಅಮ್ಮಿಗೆ ಎಂಬತ್ತಾರು. ಇನ್ನೂ ಅದಾಳ.”

ಓಮ್ನಿ ಹೆದ್ದಾರಿ ಹಿಡಿಯಿತು. ರೊಟ್ಟಿಬುಟ್ಟಿ ಬಿಚ್ಚದೆ ಹಾಗೇ ಇತ್ತು. ಶಿಗ್ಗಾಂವಿ ಬಂದಾಗ ಪೂಜಾ ಗಾಡಿ ನಿಧಾನ ಮಾಡಿದಳು. “ನಮ್ಮನಿಗೆ ಬ್ಯಾಡ. ಸವಣೂರಿಗೆ ನಡಿ,” ಎಂದಳು ಶಬೀನಾ. ಪೂಜಾ ಗಾಡಿ ತಿರುಗಿಸಿದಳು. ಗುರುಸಿದ್ದವ್ವ ಕೊರಳಿನ ಪದಕವನ್ನು ಮೆಲ್ಲಗೆ ಕಳಚಿ ಚೀಲಕ್ಕೆ ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ ಸರೋಜವ್ವನ ಬೆನ್ನ ಮೇಲೆ ಕೈಯಿಟ್ಟು, “ನಾ ಓ ಅನ್ನು ಅಂತ ಅಂದ್ನಲ್ಲ, ನನಗ ಗೊತ್ತಿರಲಿಲ್ಲವಾ,” ಎಂದಳು. ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳು, ಆಮೇಲೆ ಎಲೆತೋಟಗಳ ಹಸಿರು ಕತ್ತಲೆ. ತೋಟಗಳ ಸಂದಿಯಲ್ಲಿ ಎಲ್ಲಿಯಾದರೂ ಕಲ್ಲಿನ ಕಟ್ಟೆ ಕಾಣುತ್ತದೆಯೇ ಎಂದು ಸರೋಜವ್ವ ನೋಡಲಿಲ್ಲ.

ಮನೆ ಹಳೆಯದೇ, ಮುಂದಿನ ಗೋಡೆಗೆ ಹೊಸ ಟೈಲ್ಸು. ಶಬೀನಾಳ ಅಣ್ಣ ಕುತುಬುದ್ದೀನ ಅಂಗಳದಲ್ಲಿ ಎಲೆಯ ಪೆಂಡಿಗಳಿಗೆ ನೀರು ಚಿಮುಕಿಸುತ್ತಿದ್ದ. ತಂಗಿಯ ಜತೆ ಮೂವರು ಒದ್ದೆ ತಲೆಯ ಹೆಂಗಸರನ್ನು ಕಂಡು, “ಬರ್ರಿ, ಬರ್ರಿ. ಗೆದ್ರೇನ?” ಎಂದ. ಶಬೀನಾ ಚಪ್ಪಲಿ ಬಿಟ್ಟು ಒಳಗೆ ನಡೆದಳು. ಪೂಜಾ, ಗುರುಸಿದ್ದವ್ವ ಅಂಗಳದಲ್ಲೇ ಉಳಿದರು.

ಹೊಸ್ತಿಲಲ್ಲಿ ಸರೋಜವ್ವನ ಕಾಲು ನಿಂತಿತು. ಅವಳು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಬಲಗಾಲನ್ನು ಎತ್ತಿ, ಒಳಗೆ ಇಟ್ಟಳು.

ಶಬೀನಾಳ ಅಮ್ಮಿ ಮಕ್ತುಮಬಿ ಕಿಟಕಿಯ ಕೆಳಗೆ ಮಂಚದ ಮೇಲೆ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ನೋಟ ಹೋಗಿತ್ತು. ಬಂದವರ ಹೆಜ್ಜೆಗೆ ಮುಖ ತಿರುಗಿಸಿ, “ಯಾರು? ಕ್ಲೋರಿನ್ ವಾಸನಿ ಬರತೈತಿ, ಶಬೀನಾ ಬಂದಳೇನು?” ಎಂದಳು.

“ಹೂಂ ಅಮ್ಮಿ. ನನ್ನ ಜೋಡಿ ಸರೋಜಾ ಬಂದಾಳ. ನಮ್ಮ ತೋಟ ಮಾಡತಿದ್ದರಲ್ಲ, ಅವರ ಮಗಳು. ನಿನ್ನ ಕಡೆ ಒಂದು ಮಾತು ಹೇಳೋದೈತಂತ. ದಾದಿ ಹೇಳು ಅಂದಿದ್ದು.”

ದಾದಿ ಅಂದೊಡನೆ ಮುದುಕಿಯ ಮುಖ ಮುಚ್ಚಿಕೊಂಡಿತು. ಬಾಗಿಲಲ್ಲಿ ಕುತುಬುದ್ದೀನ ಬಂದು ನಿಂತ. ಸರೋಜವ್ವ ಮಂಚದ ಪಕ್ಕ ನೆಲದ ಮೇಲೆ ಕೂತಳು.

“ಹುಸೇನಬಿ ದಾದಿ ತೂಕಡಿಸಿರಲಿಲ್ರಿ,” ಎಂದಳು. “ಸುಳ್ಳೂ ಹೇಳಲಿಲ್ಲ. ಓ ಅಂದದ್ದು ಆಕಿ ಕೇಳಿದ್ದು ಖರೆ. ಅಂದಾಕಿ ನಾನು. ರಮಜಾನಬಿ ಧ್ವನಿ ಎತ್ತಿ ಅಂದ್ನಿ. ಆಕಿ ನೀರಿನ ತಳದಾಗ ಇದ್ಲು. ನನಗ ಹನ್ನೆರಡು ವರ್ಷ. ಹೇಳ್ತೇನಿ ಅಂತ ದಾದಿಗೆ ಮಾತು ಕೊಟ್ಟಿದ್ನಿ. ಹೇಳಲಿಲ್ಲ.”

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು. ಕುತುಬುದ್ದೀನ ಏನೋ ಅನ್ನಲು ಬಾಯಿ ತೆರೆದ. ಶಬೀನಾ ಕೈ ಅಡ್ಡ ಮಾಡಿದಳು.

“ಹ್ಯಾಂಗ ಅಂದಿ?” ಎಂದು ಮುದುಕಿ ಕೇಳಿದಳು.

ಸರೋಜವ್ವನಿಗೆ ತಿಳಿಯಲಿಲ್ಲ.

“ಹ್ಯಾಂಗ ಅಂದಿ ಅವತ್ತು? ಒಮ್ಮೆ ಅನ್ನು.”

ಸರೋಜವ್ವ ಶಬೀನಾಳತ್ತ ನೋಡಿದಳು. ಶಬೀನಾ ಕಿಟಕಿಯ ಸರಳು ಹಿಡಿದು ಬೀದಿಗೆ ಮುಖ ಮಾಡಿ ನಿಂತಿದ್ದಳು, ಬೆನ್ನು ಮಾತ್ರ ಕಾಣುತ್ತಿತ್ತು. ಐವತ್ತಾರು ವರ್ಷದ ಗಂಟಲು, ನಾಲ್ಕು ದಶಕ ಬೀಗ ಹಾಕಿಟ್ಟ ಧ್ವನಿ. ಅವಳು ಕಣ್ಣು ಮುಚ್ಚಿ, ಮೂಗಿನಿಂದ ಸ್ವಲ್ಪ ಎಳೆದು, ಕೊನೆಯಲ್ಲಿ ಮೇಲಕ್ಕೆತ್ತಿ, ಅಂದಳು.

“ಓ…”

ಕೋಣೆಯಲ್ಲಿ ಒಬ್ಬಳು ಹದಿಮೂರರ ಹುಡುಗಿ ಓ ಅಂದಳು.

ಮಕ್ತುಮಬಿಯ ಕೈ ಗಾಳಿಯಲ್ಲಿ ತಡಕಾಡುತ್ತ ಬಂತು. ಸರೋಜವ್ವನ ಭುಜ ಸಿಕ್ಕಿತು, ಅಲ್ಲಿಂದ ಕೊಳದ ನೀರು ಇನ್ನೂ ಆರಿರದ ಜಡೆ ಸಿಕ್ಕಿತು. ಮುದುಕಿ ಅದನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದಳು. ನೀರು ಅವಳ ಸುಕ್ಕುಗಟ್ಟಿದ ಮಣಿಕಟ್ಟಿನ ಮೇಲಿಂದ ಹರಿದು, ಮೊಣಕೈ ತನಕ ಇಳಿದು, ಮಂಚದ ಚಾದರಿನ ಮೇಲೆ ಒಂದೊಂದೇ ಹನಿಯಾಗಿ ಬೀಳತೊಡಗಿತು. ಅವಳು ಕೈ ಬಿಡಲಿಲ್ಲ.